ಬ್ರೇಕ್ ಪೈಪಿಗೆ ಹೊಸ ದಾರಿ

ಕಾಫಿ ತೋಟದ ಜೀಪು ಎಂಜಿನ್ ಕೆಟ್ಟು ಮೂಲೆ ಸೇರುವುದು ಕಡಿಮೆ. ಎಂಜಿನ್ನಿಗೆ ಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಬಿಚ್ಚಿ ಕಟ್ಟಬಹುದು, ಹುಡ್ಡಿಗೆ ಹೊಸ ಟಾರ್ಪಾಲು ಹೊಲಿಸಬಹುದು. ಅದು ಸೋಲುವುದು ಅಡಿಯಿಂದ. ಯಸಳೂರು, ಹೆತ್ತೂರು, ಬಿಸ್ಲೆ ಕಡೆಯ ಯಾವುದೇ ಹಳೆ ಜೀಪಿನ ಕೆಳಗೆ ಬಗ್ಗಿ ನೋಡಿ, ನೆಲದ ತಗಡು, ಚಾಸಿ, ಸ್ಪ್ರಿಂಗ್ ಪಟ್ಟಿ ಎಲ್ಲವೂ ಪದರ ಪದರವಾಗಿ ಏಳುತ್ತಿರುತ್ತವೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಮುಗಿಯುವ ತನಕ ಬಿಡದ ಊರುಗಳಿವು. ಇಲ್ಲಿ ಕಬ್ಬಿಣಕ್ಕೆ ಮೈ ಒಣಗಿಸಿಕೊಳ್ಳಲು ಬಿಡುವೇ ಇಲ್ಲ. ಚಾಸಿಯಾದರೆ ದಪ್ಪ, ತುಕ್ಕು ತಿಂದರೂ ವರ್ಷಗಟ್ಟಲೆ ತಡೆಯುತ್ತದೆ. ಆದರೆ ಆ ಚಾಸಿಯನ್ನೇ ಅಂಟಿಕೊಂಡು, ನೀರು ಕುಡಿಯುವ ಸ್ಟ್ರಾಗಿಂತಲೂ ಸಪೂರವಾದ ಒಂದು ಉಕ್ಕಿನ ಪೈಪು ಹಿಂದಿನ ಚಕ್ರಗಳವರೆಗೆ ಹೋಗಿರುತ್ತದೆ. ಬಹುತೇಕ ಗಾಡಿಗಳಲ್ಲಿ ಅದರ ಹೊರ ಅಳತೆ 3/16 ಇಂಚು, ಗೋಡೆಯ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಬ್ರೇಕ್ ತುಳಿದಾಗ ನಮ್ಮ ಕಾಲಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ ಹೋಗುವುದು ಅದರೊಳಗಿನಿಂದ.

ನಮ್ಮ ಮನೆಯ ಜೀಪು ಮಹೀಂದ್ರ ಸಿಜೆ-3ಬಿ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ವಿನ್ಯಾಸ ಅದು. ಎತ್ತರದ ಬಾನೆಟ್ಟು, ನಾಲ್ಕು ಸಿಲಿಂಡರಿನ 2.2 ಲೀಟರ್ ಎಂಜಿನ್, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಲೈಸೆನ್ಸ್ ಪಡೆದು ಮಹೀಂದ್ರದವರು ಇಲ್ಲಿ ದಶಕಗಟ್ಟಲೆ ಅದನ್ನೇ ಮಾಡಿದರು. ಚಿಕ್ಕಪ್ಪ ಅದನ್ನು ಶನಿವಾರಸಂತೆ ಕಡೆಯ ಒಬ್ಬ ಬೆಳೆಗಾರರಿಂದ ಕೊಂಡಿದ್ದರು. 1994ರಲ್ಲಿ ಬ್ರೆಜಿಲಿನ ಕಾಫಿ ತೋಟಗಳನ್ನು ಜೂನ್, ಜುಲೈ ಎರಡು ತಿಂಗಳೂ ಹಿಮ ಸುಟ್ಟು ಜಗತ್ತಿನಲ್ಲೆಲ್ಲ ಕಾಫಿ ಬೆಲೆ ನೆಗೆಯಿತಲ್ಲ, ಅದೇ ಹೊತ್ತಿಗೆ ಇಲ್ಲಿಯೂ ಕಾಫಿ ಬೋರ್ಡಿನ ಪೂಲಿನ ಹಿಡಿತ ಸಡಿಲಾಗಿ ಬೆಳೆಗಾರರು ಬೆಳೆಯ ಒಂದು ಪಾಲನ್ನು ತಾವೇ ಮಾರುವಂತಾಗಿತ್ತು. ಸುತ್ತಮುತ್ತ ಎಷ್ಟೋ ಮನೆಗಳ ಅಂಗಳಕ್ಕೆ ಹೊಸ ಗಾಡಿ ಬಂದವು. ಚಿಕ್ಕಪ್ಪ ಬಂದ ಹಣದಲ್ಲಿ ಲೈನು ಮನೆಗಳಿಗೆ ಹೆಂಚು ಹೊದಿಸಿದರು, ಕಣಕ್ಕೆ ಸಿಮೆಂಟು ಹಾಕಿಸಿದರು. ಜೀಪು ಅದೇ ಉಳಿಯಿತು. ಅದರ ಮೇಲೆ ಅವರಿಗಿದ್ದದ್ದು ಬರೀ ಅಭಿಮಾನವಲ್ಲ. ಬಿಚ್ಚಿದರೆ ಅರ್ಥವಾಗುವ ಗಾಡಿ ಅದು, ಅರ್ಥವಾಗುವುದನ್ನು ಯಾಕೆ ಬಿಡಬೇಕು ಎನ್ನುವುದು ಅವರ ವಾದ. ಈಗ ನನಗೂ ಆ ವಾದ ಸರಿ ಅನಿಸುತ್ತದೆ.

1995ರ ದಸರಾ ರಜೆ. ನಾನು ಹಾಸನದಲ್ಲಿ ಪಿಯುಸಿ ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಮಳೆಗಾಲದ ನಂತರದ ಗೊಬ್ಬರ ಹಾಕುವ ಕಾಲ. ಪೊಟ್ಯಾಷ್ ಚೀಲ ಹೇರಿಕೊಂಡು ಕೊಡ್ಲಿಪೇಟೆ ಕಡೆಯಿಂದ ಬರುವಾಗ, ಮನೆಗೆ ಇಳಿಯುವ ಮಣ್ಣು ರಸ್ತೆಯ ತಿರುವಿನಲ್ಲಿ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು. ಚಿಕ್ಕಪ್ಪ ಇಳಿಜಾರಿನಲ್ಲಿ ಎಂದೂ ಸೆಕೆಂಡ್ ಗೇರಿಗಿಂತ ಮೇಲೆ ಬರುತ್ತಿರಲಿಲ್ಲ, ಅದೇ ನಮ್ಮನ್ನು ಉಳಿಸಿತು. ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರಗಳ ಮೇಲೆ ಕೆಲಸ ಮಾಡುವುದಿಲ್ಲ. ಟ್ರಾನ್ಸ್‌ಫರ್ ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಅದಕ್ಕೇ ಬೇರೆ ಒಂದು ಡ್ರಮ್ ಇದ್ದು, ಎಳೆದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತದೆ. ಬ್ರೇಕ್ ಆಯಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ಎಡಗಡೆ ಗದ್ದೆಗೆ ಇಳಿಯುವ ಕಡಿದು, ಬಲಗಡೆ ದರೆ. ಚಿಕ್ಕಪ್ಪ ಹ್ಯಾಂಡ್‌ಬ್ರೇಕ್ ಎಳೆಯುತ್ತಲೇ ಜೀಪನ್ನು ದರೆಗೆ ಒರಗಿಸಿದರು. ಮಡ್‌ಗಾರ್ಡ್ ಮಣ್ಣಿನೊಳಗೆ ಹೂತು ಗಾಡಿ ನಿಂತಿತು. ಹಿಂದೆ ಚೀಲದ ಮೇಲೆ ಕೂತಿದ್ದ ಇಬ್ಬರು ಆಳುಗಳು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಯಾರೂ ಮಾತಾಡಲಿಲ್ಲ.

ಒಂದೇ ಪೈಪಿನಲ್ಲಿ ತೂತಾದರೆ ನಾಲ್ಕೂ ಚಕ್ರದ ಬ್ರೇಕ್ ಯಾಕೆ ಹೋಗಬೇಕು ಎಂದು ಅವತ್ತು ರಾತ್ರಿ ಕೇಳಿದೆ. ಕಾಲೇಜಿನಲ್ಲಿ ಪ್ಯಾಸ್ಕಲನ ನಿಯಮ ಓದಿದ್ದೆ. ಮುಚ್ಚಿದ ದ್ರವದ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎನ್ನುವುದು ಬರೆದು ಬರೆದು ಬಾಯಿಪಾಠವಾಗಿತ್ತು. ಆ ‘ಮುಚ್ಚಿದ’ ಎನ್ನುವ ಷರತ್ತು ಮುರಿದರೆ ಏನಾಗುತ್ತದೆ ಎನ್ನುವುದನ್ನು ತಿರುವಿನಲ್ಲಿ ಕಂಡಿದ್ದೆವು. ಅಮೆರಿಕದ ಮಾಲ್ಕಮ್ ಲೌಹೆಡ್ ಎಂಬುವವರು 1917ರಲ್ಲಿ ಹೈಡ್ರಾಲಿಕ್ ಬ್ರೇಕಿಗೆ ಪೇಟೆಂಟ್ ಪಡೆದರು, 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಅದು ನಾಲ್ಕು ಚಕ್ರಕ್ಕೂ ಬಂತು. ಅಲ್ಲಿಂದ ಬಹುಕಾಲ ಹೆಚ್ಚಿನ ಗಾಡಿಗಳಲ್ಲಿ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಜಾಲ. ಎರಡು ಪ್ರತ್ಯೇಕ ಜಾಲ ಇರಬೇಕು, ಒಂದು ಹೋದರೆ ಇನ್ನೊಂದು ಉಳಿಯಬೇಕು ಎನ್ನುವುದು ಅಮೆರಿಕದಲ್ಲಿ ಕಾನೂನಾಗಿ ಜಾರಿಗೆ ಬಂದದ್ದು 1968ರಲ್ಲಿ. ನಮ್ಮ ಜೀಪಿನದು ಅದಕ್ಕೂ ಹಿಂದಿನ ವಿನ್ಯಾಸ. ಡ್ರೈವರಿನ ಕಾಲಡಿಯಲ್ಲಿ, ನೆಲದ ತಗಡಿನ ಕೆಳಗೆ ಒಂದು ಸಿಲಿಂಡರ್. ಅದು ಕೊಡುವ ಒತ್ತಡ ಎಲ್ಲಿ ಸಡಿಲ ಸಿಗುತ್ತದೋ ಅಲ್ಲಿಂದಲೇ ಹೊರಗೆ ಹೋಗುತ್ತದೆ.

ಮಾರನೆಯ ದಿನ ಪರಿಚಯದ ಮೇಸ್ತ್ರಿ ಬಸ್ಸು ಹಿಡಿದು ಬಂದರು. ಕೆಳಗೆ ತೂರಿ ನೋಡಿ ಎದ್ದವರು, “ಗೌಡ್ರೇ, ತೂತಾಗಿರೋ ಜಾಗ ಕತ್ತರಿಸಿ ಮಧ್ಯ ಒಂದು ಜಾಯಿಂಟ್ ಕೊಟ್ರೆ ಸಂಜೆಗೆ ಗಾಡಿ ಓಡ್ತದೆ. ಅರ್ಜೆಂಟಿದ್ರೆ ಹಿಂದಿನ ಲೈನ್ ಬಡಿದು ಮುಚ್ಚಿಬಿಡಾಣ, ಮುಂದಿನ ಎರಡು ಬ್ರೇಕು ಸಾಕು” ಅಂದರು.

ಈ ಎರಡನೆಯ ಉಪಾಯ ನಮ್ಮ ಕಡೆ ಬಹಳ ನಡೆಯುತ್ತದೆ. ಸೋರುವ ಚಕ್ರದ ಪೈಪನ್ನು ಮಡಿಸಿ, ಸುತ್ತಿಗೆಯಿಂದ ಬಡಿದು ಬಾಯಿ ಮುಚ್ಚಿ ಓಡಿಸುವುದು. ಒಂದು ಬದಿ ಮುಚ್ಚಿದರೆ ಗಾಡಿ ಇನ್ನೊಂದು ಬದಿಗೆ ಎಳೆಯುತ್ತದೆ, ಹಿಂದಿನ ಎರಡನ್ನೂ ಮುಚ್ಚಿದರೆ ಹೇರಿನ ಭಾರವನ್ನು ಮುಂದಿನ ಚಕ್ರಗಳೇ ತಡೆಯಬೇಕು. ಒಂದು ರಾತ್ರಿಗೆಂದು ಮಾಡಿದ್ದು ಒಂದು ವರ್ಷ ಉಳಿಯುತ್ತದೆ. ಇದನ್ನು ಜಾಣತನ ಎಂದು ಹೊಗಳುವವರನ್ನು ಕಂಡಿದ್ದೇನೆ. ನಾನು ಅದಕ್ಕೆ ಒಪ್ಪುವುದಿಲ್ಲ. ಹಿಂದೆ ಕೂತ ಆಳುಗಳಿಗೆ ಅದು ಗೊತ್ತಿರುವುದಿಲ್ಲ.

ಚಿಕ್ಕಪ್ಪ ಹೇಳಿದರು: “ಇವತ್ತು ಇಲ್ಲಿ ತೂತಾಯ್ತು, ನಾಳೆ ಅದರ ಪಕ್ಕ ಆಗುತ್ತೆ. ಆವಾಗ ಜೀಪು ಯಾವ ತಿರುವಲ್ಲಿ ಇರುತ್ತೆ ಮೇಸ್ತ್ರಿ? ಬೇಡ, ಪೂರ್ತಿ ಪೈಪು ಬದಲಾಯ್ಸಾಣ. ನೀವು ಹೇಳ್ಕೊಡಿ, ನಾನೂ ಈ ಹುಡುಗನೂ ಮಾಡ್ತೀವಿ. ಮುಗಿದ ಮೇಲೆ ನೀವು ಬಂದು ನೋಡಿ.”

ಮೇಸ್ತ್ರಿ ಅದಕ್ಕೆ ಬೇಸರಿಸಲಿಲ್ಲ. ಏನೇನು ತರಬೇಕು ಎಂದು ಬಾಯಲ್ಲೇ ಪಟ್ಟಿ ಕೊಟ್ಟು ಹೋದರು.

ಜೀಪನ್ನು ಎತ್ತಿ ಹಲಸಿನ ದಿಮ್ಮಿಗಳ ಮೇಲೆ ಕೂರಿಸಿದೆವು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು ಎನ್ನುವುದು ಚಿಕ್ಕಪ್ಪನ ಮೊದಲ ಕಟ್ಟಪ್ಪಣೆ. ಶೆಡ್ಡಿನ ನೆಲ ಇನ್ನೂ ಹಸಿ, ಗೋಣಿ ಹಾಸಿ ಮಲಗಿದರೂ ಇಂಬಳಗಳು ಹುಡುಕಿಕೊಂಡು ಬರುತ್ತಿದ್ದವು. ಕೈಗೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಮಲಗಿದೆವು. ಟಾರ್ಚ್ ಹಿಡಿದು ಪೈಪಿನ ಉದ್ದಕ್ಕೂ ನೋಡಿದಾಗ ನಾನು ಅಂದುಕೊಂಡಂತೆ ಇರಲಿಲ್ಲ. ಪೈಪು ಎಲ್ಲ ಕಡೆ ಒಂದೇ ಸಮ ಕೊಳೆತಿರಲಿಲ್ಲ. ಮುಂದಿನ ಆಕ್ಸಲ್ ಮೇಲಿನ ತುಂಡುಗಳು ಕೆಸರಿಗೆ ಸದಾ ಸಿಗುತ್ತಿದ್ದರೂ ಗಟ್ಟಿಯಾಗಿದ್ದವು. ಹಿಂದಕ್ಕೆ ಹೋಗುವ ಉದ್ದನೆಯ ಪೈಪು ಮಾತ್ರ, ಅದರಲ್ಲೂ ಡ್ರೈವರ್ ಸೀಟಿನ ಹಿಂದಿನ ಮೂರು ಅಡಿಯಷ್ಟು ಭಾಗ ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ಅಲ್ಲಿಯೂ ಬರಿಮೈಯ ಜಾಗಕ್ಕಿಂತ ಕ್ಲಿಪ್ಪಿನ ಕೆಳಗೇ ಹೆಚ್ಚು. ಕ್ಲಿಪ್ಪಿನೊಳಗೆ ನುಗ್ಗಿದ ಕೆಸರು ಬೇಸಿಗೆಯವರೆಗೂ ಒಣಗುವುದಿಲ್ಲ, ಗಾಳಿಯಾಡದ ಆ ಸಂದಿನಲ್ಲಿ ತುಕ್ಕು ಒಳಗೊಳಗೇ ಕೊರೆಯುತ್ತದೆ. ತೂತು ಬಿದ್ದದ್ದೂ ಅಂಥ ಒಂದು ಕ್ಲಿಪ್ಪಿನ ಅಡಿಯಲ್ಲೇ, ಸೂಜಿಮೊನೆಯಷ್ಟು.

ಚಿಕ್ಕಪ್ಪ ಆ ಜಾಗದ ಚಾಸಿಯನ್ನು ಬಹಳ ಹೊತ್ತು ನೋಡುತ್ತಿದ್ದರು. ಅಲ್ಲಿ ನೀಲಿ ಹಸಿರು ಕಲೆ ಇತ್ತು. ಬ್ಲೇಡಿನಿಂದ ಕೆರೆದಾಗ ತುಕ್ಕಿನ ಮಧ್ಯೆ ಅಲ್ಲಲ್ಲಿ ತಾಮ್ರದ ಬಣ್ಣ ಕಂಡಿತು. “ಮೈಲುತುತ್ತ ಕಣೋ” ಅಂದರು.

ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಎಲೆ ತುಕ್ಕು ರೋಗಕ್ಕೆ, ಕೊಳೆ ರೋಗಕ್ಕೆ ಮುಂಗಾರಿಗೆ ಮುಂಚೆ ಬೋರ್ಡೋ ಹೊಡೆಯುತ್ತೇವೆ. ಶೇಕಡ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಉಜ್ಜಿ ಹೊಳೆಯಿಸಿದ ಕುಡುಗೋಲನ್ನೋ ಚಾಕುವನ್ನೋ ಅದರೊಳಗೆ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡುವಾಗಿದೆ, ಸುಣ್ಣ ಬೇಕು ಎಂದು ಅರ್ಥ. ಆ ಕೆಂಪು ಕೂರುವುದು ಕಬ್ಬಿಣ ಕರಗಿ ತನ್ನ ಜಾಗವನ್ನು ತಾಮ್ರಕ್ಕೆ ಬಿಟ್ಟುಕೊಡುವುದರಿಂದ. ಅದಕ್ಕೇ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಯಾರೂ ಕರಗಿಸುವುದಿಲ್ಲ; ಮರದ್ದೋ ಪ್ಲಾಸ್ಟಿಕ್ಕಿನದೋ ಬ್ಯಾರಲ್ ಬೇಕು. ತೋಟದ ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು. ಆದರೆ ಕರಗಿಸಿದ ಮೈಲುತುತ್ತದ ಪ್ಲಾಸ್ಟಿಕ್ ಬ್ಯಾರಲ್ಲನ್ನು ಗುಡ್ಡದ ಮೇಲಿನ ಪಟ್ಟೆಗೆ ಸಾಗಿಸುತ್ತಿದ್ದದ್ದು ಈ ಕಬ್ಬಿಣದ ಜೀಪಿನಲ್ಲಿ. ಡ್ರೈವರ್ ಸೀಟಿನ ಹಿಂದೆ ಕಟ್ಟುತ್ತಿದ್ದ ಬ್ಯಾರಲ್ ಹೊಂಡದಲ್ಲಿ ಕುಲುಕಿದಾಗಲೆಲ್ಲ ತುಳುಕಿ, ನೆಲದ ಮೂಲೆಯ ನೀರಿಳಿಯುವ ತೂತಿನಿಂದ ನೇರ ಚಾಸಿಯ ಮೇಲೆ, ಪೈಪಿನ ಮೇಲೆ. ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಪೊಟ್ಯಾಷ್ ಚೀಲ. ನಾವು ಹಾಕುವ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಸಮುದ್ರದ ಬದಿಯ ಊರುಗಳಲ್ಲಿ ಕಬ್ಬಿಣ ಯಾಕೆ ಬೇಗ ಹೋಗುತ್ತದೋ ಇದೂ ಅದಕ್ಕೇ.

ಅಲ್ಲಿಂದ ನಮ್ಮ ಕೆಲಸದ ಸ್ವರೂಪವೇ ಬದಲಾಯಿತು. ಹಳೆ ಪೈಪು ಹೋದ ದಾರಿಯಲ್ಲೇ ಹೊಸ ಪೈಪು ಹಾಕಿದರೆ ಕೆಲವೇ ವರ್ಷಕ್ಕೆ ಅದೂ ಹೀಗೇ ಆಗುತ್ತದೆ. ಹಿಂದಿನ ಮಾಲೀಕರ ಕಾಲದಲ್ಲಿ ಒಮ್ಮೆ ಬದಲಾಗಿದ್ದ ಆ ಪೈಪನ್ನು ಯಾರೋ ಚಾಸಿಯ ಹೊರ ಅಂಚಿಗೆ, ಕೈಗೆ ಸುಲಭವಾಗಿ ಎಟಕುವಲ್ಲಿ ಕಟ್ಟಿದ್ದರು. ಗಾಡಿ ಏನು ಹೊರುತ್ತದೆ, ಅದು ಎಲ್ಲಿ ಸೋರುತ್ತದೆ ಎಂದು ನೋಡಿ ಕಟ್ಟಿದ್ದಲ್ಲ. ಚಿಕ್ಕಪ್ಪ ಆ ಸಂಜೆ ಮಾಡಿದ ಕೆಲಸ ನನಗೆ ಈಗಲೂ ಬಹಳ ದೊಡ್ಡದೆನಿಸುತ್ತದೆ. ಖಾಲಿ ಜೀಪಿನ ಹಿಂಭಾಗಕ್ಕೆ ಕೊಡಪಾನದಿಂದ ನಿಧಾನ ನೀರು ಹೊಯ್ಯಲು ನನಗೆ ಹೇಳಿ, ತಾವು ಕೆಳಗೆ ಮಲಗಿ, ನೀರು ಎಲ್ಲೆಲ್ಲಿ ಹರಿಯುತ್ತದೆ, ಎಲ್ಲಿ ತೊಟ್ಟಿಕ್ಕುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರು.

ಎಡಬದಿಯ ಚಾಸಿ ಒಣಗಿತ್ತು. ಆದರೆ ನಮ್ಮ ಜೀಪಿನ ಸೈಲೆನ್ಸರ್ ಆ ಕಡೆ. ಬಿಸಿಯ ಪಕ್ಕದಲ್ಲಿ ಬ್ರೇಕ್ ಪೈಪು ಹೋಗಬಾರದು. ಒಳಗಿನ ಆಯಿಲ್ ಕುದಿದರೆ ಆವಿಯಾಗುತ್ತದೆ, ಆವಿ ಕುಗ್ಗುತ್ತದೆ, ಪೆಡಲ್ ಮತ್ತೆ ನೆಲಕ್ಕೆ. ಬಲಬದಿಯಲ್ಲೇ ಒಂದು ಒಣ ಜಾಗ ಸಿಕ್ಕಿತು. ಚಾಸಿಯ ಪಟ್ಟಿ ಒಂದು ಬದಿ ತೆರೆದ ಡಬ್ಬಿಯ ಹಾಗೆ, ಅದರ ಒಳಮೈಯ ಮೇಲಿನ ಮೂಲೆಗೆ ಎಷ್ಟು ನೀರು ಹೊಯ್ದರೂ ಹನಿ ತಲುಪುತ್ತಿರಲಿಲ್ಲ. ಮೇಲಿನ ಅಂಚೇ ಅದಕ್ಕೆ ಸೂರು. ಕೆಳಗಿನಿಂದ ಹಾರುವ ಕಲ್ಲಿಗೂ ಅದು ಸಿಗುವುದಿಲ್ಲ. ಪೈಪು ಅಲ್ಲಿ ಹೋಗಲಿ ಎಂದಾಯಿತು. ಜೊತೆಗೆ ನೆಲದ ತೂತಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ, ಸೋರಿದ್ದು ಚಾಸಿಯನ್ನು ಮುಟ್ಟದೆ ನೇರ ನೆಲಕ್ಕೆ ಬೀಳುವಂತೆ ಮಾಡುವುದು. ನೀರಿಗೂ ಪೈಪಿಗೂ ಎರಡು ಬೇರೆ ದಾರಿ.

ಬಿಚ್ಚುವುದೇ ದೊಡ್ಡ ಕಷ್ಟ. ಪೈಪಿನ ತುದಿಯ ಸಣ್ಣ ನಟ್ಟುಗಳು ತುಕ್ಕಿನಲ್ಲಿ ಒಂದಾಗಿಬಿಟ್ಟಿದ್ದವು. ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ದುಂಡಗಾಗುತ್ತವೆ. ಡೀಸೆಲ್, ಸೀಮೆಎಣ್ಣೆ ಹನಿಸಿ ರಾತ್ರಿ ಬಿಟ್ಟೆವು. ಮೇಸ್ತ್ರಿ ಹೇಳಿಕೊಟ್ಟ ಉಪಾಯ ಇದು: ಹೇಗೂ ಎಸೆಯುವ ಪೈಪು, ನಟ್ಟಿನ ಬುಡಕ್ಕೇ ಕತ್ತರಿಸಿ. ಆಗ ಆರೂ ಮೂಲೆ ಹಿಡಿಯುವ ಬಾಕ್ಸ್ ಸ್ಪ್ಯಾನರ್ ನಟ್ಟಿನ ಮೇಲೆ ಪೂರ್ತಿ ಕೂರುತ್ತದೆ. ಹಾಗೆಯೇ ಎಲ್ಲವೂ ಬಂದವು. ಕತ್ತರಿಸಿದ ತುಂಡುಗಳನ್ನು ಅಳತೆಗೆಂದು ಎತ್ತಿಕೊಂಡು ಚಿಕ್ಕಪ್ಪ ಹಾಸನಕ್ಕೆ ಹೋದರು.

ಅಂಗಡಿಯವರು ತಾಮ್ರದ ಪೈಪು ತೋರಿಸಿದರಂತೆ. ಬಗ್ಗಿಸುವುದು ಸುಲಭ, ತುಕ್ಕಿಲ್ಲ, ಕಣ್ಣಿಗೂ ಚೆಂದ. ಚಿಕ್ಕಪ್ಪ ತರಲಿಲ್ಲ. ಬರೀ ತಾಮ್ರ ಅಲುಗಾಟಕ್ಕೆ ಗಡುಸಾಗುತ್ತ ಹೋಗಿ ಕೊನೆಗೆ ಬಿರಿಯುತ್ತದೆ, ಮಣ್ಣು ರಸ್ತೆಯ ಜೀಪಿನಲ್ಲಿ ಅಲುಗಾಟಕ್ಕೇನು ಕೊರತೆ? ತಾಮ್ರಕ್ಕೆ ಶೇಕಡ 10ರಷ್ಟು ನಿಕ್ಕಲ್ ಬೆರೆಸಿದ ಪೈಪು ಉಕ್ಕಿನ ತುಕ್ಕು, ತಾಮ್ರದ ಬಿರುಕು ಎರಡೂ ತೊಂದರೆ ಇಲ್ಲದ್ದು. ಸ್ವೀಡನ್ನಿನ ವೋಲ್ವೊ ಕಾರುಗಳಲ್ಲಿ 1970ರ ದಶಕದಲ್ಲೇ ಅದು ಬಂದಿತ್ತು, ಅಲ್ಲಿನ ರಸ್ತೆಗಳಿಗೆ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ನಮಗೆ ಆಗ ಅದು ಸಿಗುವಂತಿರಲಿಲ್ಲ. ಉಕ್ಕಿನ ತಗಡನ್ನು ಎರಡು ಸುತ್ತು ಸುತ್ತಿ ತಾಮ್ರದಿಂದ ಬೆಸೆದ, ಗಾಡಿಗೆಂದೇ ಮಾಡಿದ ಬಂಡಿ ಪೈಪನ್ನು ತಂದರು.

ದಾರಿಯ ಅಳತೆಗೆ ಬೇಲಿಯ ಜಿಐ ತಂತಿ ಬಳಸಿದೆವು. ಪೈಪು ಎಲ್ಲಿ ತಿರುಗಬೇಕೋ ಅಲ್ಲೆಲ್ಲ ತಂತಿಯನ್ನು ಮೊದಲು ತಿರುಗಿಸಿ, ಅಡ್ಡಪಟ್ಟಿಗಳನ್ನು ದಾಟಿಸಿ, ಪ್ರೊಪೆಲ್ಲರ್ ಶಾಫ್ಟಿನಿಂದ, ಸ್ಪ್ರಿಂಗ್ ಮೇಲೆ ಕೆಳಗೆ ಆಡುವ ಆಕ್ಸಲ್‌ನಿಂದ ಬೇಕಾದಷ್ಟು ದೂರ ಇದೆಯೇ ಎಂದು ನೋಡಿ, ಆಮೇಲೆ ತಂತಿಯನ್ನು ಹಾಗೇ ಹೊರತೆಗೆದು ಅಂಗಳದಲ್ಲಿಟ್ಟೆವು. ಅದರ ಪಕ್ಕದಲ್ಲಿ ಪೈಪಿಟ್ಟು ಅದೇ ರೂಪಕ್ಕೆ ಬಗ್ಗಿಸುವುದು. ಕೈಯಲ್ಲಿ ಬಗ್ಗಿಸಿದರೆ ಮುರಿದು ಚಪ್ಪಟೆಯಾಗುತ್ತದೆ. ದುಂಡನೆಯ ಸಿಲ್ವರ್ ಓಕ್ ಗೂಟಕ್ಕೆ ಒತ್ತಿ, ಒಂದೊಂದು ಬಾಗನ್ನೂ ಬಿಡುವು ಕೊಟ್ಟು ತಂದೆವು.

ಎಲ್ಲಕ್ಕಿಂತ ಸೂಕ್ಷ್ಮ ತುದಿ ಅರಳಿಸುವುದು. ಪೈಪಿನ ಬಾಯಿ ಕಹಳೆಯಂತೆ ಅಗಲವಾಗಿ ಯೂನಿಯನ್ನಿನೊಳಗೆ ಒತ್ತಿ ಕೂತರೆ ಮಾತ್ರ ಆಯಿಲ್ ನಿಲ್ಲುವುದು. ಫ್ರಿಜ್ ರಿಪೇರಿ ಮಾಡುವವರ ಹತ್ತಿರ ಇರುವ ಉಪಕರಣ ಒಂದೇ ಪದರ ಅರಳಿಸುತ್ತದೆ, ಬ್ರೇಕಿನ ಒತ್ತಡಕ್ಕೆ ಆ ಅಂಚು ಸೀಳುತ್ತದೆ. ಅರಳಿದ ಅಂಚನ್ನು ಒಳಕ್ಕೆ ಮಡಿಸಿ ಎರಡು ಪದರ ಮಾಡಬೇಕು. ಅದರ ಅಚ್ಚು ಮೇಸ್ತ್ರಿಯ ಹತ್ತಿರ ಇತ್ತು, ಕಳಿಸಿಕೊಟ್ಟರು. ಗರಗಸದ ಬದಲು ಪೈಪ್ ಕಟರಿನಿಂದ ನೇರಕ್ಕೆ ಕತ್ತರಿಸಿ, ಒಳಗಿನ ಚೂರು ಕೆರೆದು, ಊದಿ, ಅರಳಿಸುವ ಮೊದಲೇ ನಟ್ಟು ಪೋಣಿಸಿಕೊಳ್ಳಬೇಕು. ಆಮೇಲೆ ಅದು ಒಳಗೆ ಬರುವುದಿಲ್ಲ. ಚಿಕ್ಕಪ್ಪ ಬೇಡದ ತುಂಡುಗಳ ಮೇಲೆ ಅಭ್ಯಾಸ ಮಾಡಿ ಮಾಡಿ, ಕನ್ನಡಕ ಮೇಲಕ್ಕೆ ಸರಿಸಿ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆಯುತ್ತಿದ್ದರು. ಕಾಫಿ ಗಿಡ ಕಸಿ ಮಾಡುವಾಗಲೂ ಅವರ ಮುಖದಲ್ಲಿ ಅಷ್ಟು ಗಾಂಭೀರ್ಯ ಕಂಡಿರಲಿಲ್ಲ. ಹಿಂದಕ್ಕೆ ಹೋಗುವ ಪೈಪು ನಡುವೆ ಒಂದೂ ಜಾಯಿಂಟ್ ಇಲ್ಲದ ಒಂದೇ ತುಂಡಾಯಿತು. ಅಡ್ಡಪಟ್ಟಿಯ ತೂತುಗಳಿಗೆ ರಬ್ಬರ್ ಬುಷ್, ಸುಮಾರು ಅಡಿಗೊಂದು ಕ್ಲಿಪ್ಪು. ಕ್ಲಿಪ್ಪಿನ ಬಾಯಿ ಕೆಳಕ್ಕೆ ತೆರೆದಿರುವಂತೆ ಕೂರಿಸಿದರು. ಕೆಸರು ಹೊಕ್ಕರೂ ತೊಳೆದಾಗ ಇಳಿದುಹೋಗಲಿ ಎಂದು.

ಹೊಸ ದಾರಿಗೆ ಒಂದು ತೊಡಕಿತ್ತು. ಪೈಪು ಎತ್ತರದಲ್ಲಿ ಹೋದಷ್ಟೂ ಗಾಳಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಒಂದು ಗುಳ್ಳೆ ಉಳಿದರೂ ಪೆಡಲ್ ಮೆತ್ತಗಾಗುತ್ತದೆ. ಅದಕ್ಕೇ ಪೈಪಿನಲ್ಲಿ ನಡುನಡುವೆ ಏರಿಳಿತ ಇಲ್ಲದಂತೆ ಹಿಂದಕ್ಕೆ ಏರುತ್ತಲೇ ಹೋಗುವಂತೆ ಕಟ್ಟಿದ್ದೆವು. ಏರ್ ತೆಗೆಯಲು ಜೀಪನ್ನು ಕಣದ ಬದಿಯ ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟೆವು. ಹಿಂಭಾಗ ಎತ್ತರವಾದ್ದರಿಂದ ಗುಳ್ಳೆಗಳು ತಾವೇ ಆ ಕಡೆ ಏರುತ್ತವೆ. ನಾನು ಪೆಡಲಿನ ಮೇಲೆ, ಚಿಕ್ಕಪ್ಪ ಚಕ್ರದ ಹಿಂದೆ. “ಒತ್ತು… ಹಿಡ್ಕೋ… ಬಿಡಬೇಡ… ಈಗ ಬಿಡು.” ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಹಿಂದಿನ ಎಡ ಚಕ್ರ ಮೊದಲು, ಹತ್ತಿರದ ಮುಂದಿನ ಬಲ ಚಕ್ರ ಕೊನೆಗೆ. ನಿಪ್ಪಲ್‌ಗೆ ಸಿಕ್ಕಿಸಿದ ಪಾರದರ್ಶಕ ಕೊಳವೆಯ ಇನ್ನೊಂದು ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಬೇಕು. ಗುಳ್ಳೆ ಬರುವುದು ನಿಂತ ಮೇಲೂ ಅವರು ನಿಲ್ಲಿಸಲಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಗೋಡೆಯೇ ಬೆವರುವ ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಗೆ ಬೆಲೆಯಿಲ್ಲ. ಆ ನೀರು ಪೈಪನ್ನು ಒಳಗಿನಿಂದಲೂ ತಿನ್ನುತ್ತದೆ. ದೊಡ್ಡ ಡಬ್ಬಿ ತಂದು ಅಟ್ಟದ ಮೇಲಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಅವತ್ತಿಗೆ ನಿಂತಿತು. ಬೇಕಾದಾಗ ಚಿಕ್ಕ ಡಬ್ಬಿ, ಉಳಿದದ್ದು ಬಳಕೆಗಿಲ್ಲ.

ಎಂಜಿನ್ ಆರಿಸಿ ಪೆಡಲನ್ನು ಎರಡೂ ಕಾಲಿನಲ್ಲಿ ಒತ್ತಿ ಹಿಡಿದೆ. ಚಿಕ್ಕಪ್ಪ ಪ್ರತಿ ಜಾಯಿಂಟಿಗೂ ಒಣ ಪೇಪರ್ ತುಂಡು ಒತ್ತಿ ನೋಡುತ್ತ ಬಂದರು. ಮೇಸ್ತ್ರಿ ಬಂದು ಅದನ್ನೇ ಮತ್ತೆ ಮಾಡಿದರು, ಪೈಪನ್ನು ಕೈಯಲ್ಲಿ ಅಲುಗಿಸಿದರು, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮುಂದಿನ ಹೋಸ್ ಪೈಪುಗಳು ಎಲ್ಲಿಯೂ ತಾಗದಿರುವುದನ್ನು ನೋಡಿದರು. ಮೊದಲು ಕಣದಲ್ಲಿ, ಆಮೇಲೆ ಲೋ ಗೇರಿನಲ್ಲಿ ಮನೆಯ ಇಳಿಜಾರಿನಲ್ಲಿ, ಮೂರನೆಯದಾಗಿ ಹೇರು ಹಾಕಿ. ಪೆಡಲ್ ಗಟ್ಟಿಯಾಗಿ, ಮೇಲೇ ನಿಂತಿತು.

ಬ್ಯಾರಲ್ ಸಾಗಿಸುವುದನ್ನು ಚಿಕ್ಕಪ್ಪ ಆಮೇಲೆ ಟ್ರೈಲರಿಗೆ ವರ್ಗಾಯಿಸಿದರು. ಪೊಟ್ಯಾಷ್ ಹೊತ್ತ ಸಂಜೆ ಜೀಪಿನ ಅಡಿ ತೊಳೆಯುವುದು ಕಡ್ಡಾಯವಾಯಿತು.

ಸುದ್ದಿ ಕೇಳಿ ಹೆತ್ತೂರು ಕಡೆಯ ನೆಂಟರೊಬ್ಬರು ಅಂಥದೇ ಜೀಪು ತಂದು ನಿಲ್ಲಿಸಿದರು. “ನಿಮ್ಮದಕ್ಕೆ ಮಾಡಿದ ಹಾಗೇ ಮಾಡ್ಕೊಡಿ ಭಾವ” ಎಂದರು. ಚಿಕ್ಕಪ್ಪ ಕೊಡಪಾನ ತರಲು ಹೇಳಲಿಲ್ಲ. ಮೊದಲು ಗಾಡಿಯ ಕೆಳಗೆ ಮಲಗಿ ನೋಡಿದರು. ಮೈಲುತುತ್ತದ ಕಲೆ ಎಲ್ಲಿಯೂ ಇರಲಿಲ್ಲ. ಆ ಜೀಪು ನೆರಳು ಕಪಾತಿನ ಮರ ಎಳೆಯುತ್ತಿತ್ತು, ಗುಡ್ಡದ ಕುಳಿ ಬೊಡ್ಡೆಗಳ ಮೇಲೆ ಓಡುತ್ತಿತ್ತು. ಚಾಸಿಯ ಪೈಪು ಒಣಗಿ ಗಟ್ಟಿಯಾಗಿತ್ತು, ಹಿಂದಿನ ಆಕ್ಸಲ್ ಮೇಲಿನ ಪೈಪು ಮಾತ್ರ ಬೊಡ್ಡೆ ತಾಗಿ ಎರಡು ಕಡೆ ಜಜ್ಜಿತ್ತು. “ನಿಮ್ಮದಕ್ಕೆ ಚಾಸಿ ಮುಟ್ಟೋದು ಬೇಡ. ಆಕ್ಸಲ್ ಮುಂದೆ ಇರೋ ಪೈಪನ್ನ ಅದರ ಹಿಂದಕ್ಕೆ, ಮೇಲಕ್ಕೆ ತರಾಣ” ಎಂದು ಎದ್ದು, ಜಿಐ ತಂತಿಯ ಸುರುಳಿ ತರಲು ನನ್ನನ್ನು ಒಳಗೆ ಕಳಿಸಿದರು.